ಪಾಳಿ ಒಪ್ಪಿಸುವ ಹೊತ್ತು



ಬೇಸಿಗೆ ಬಂತೆಂದರೆ ನೀರಿನ ಟ್ಯಾಂಕರಿನ ದಾರಿ ಕಾಯುವ ವಿಜಯಪುರದಲ್ಲಿ ನಿಂತು ಸಮುದ್ರದ ಮಾತಾಡುವುದು ಸ್ವಲ್ಪ ತಮಾಷೆಯೇ. ಆದರೆ ಈ ಉಪನ್ಯಾಸದ ದತ್ತಿ ಇಟ್ಟವರು ನೌಕಾಪಡೆಯಲ್ಲಿ ನಾವಿಕರಾಗಿ ದುಡಿದು ಊರಿಗೆ ಮರಳಿದವರು. ತಮ್ಮ ಹೆಸರು ಎಲ್ಲಿಯೂ ಬರಕೂಡದು ಎನ್ನುವುದು ಅವರು ಹಾಕಿದ ಒಂದು ಷರತ್ತು. ಸೈನಿಕ ಶಾಲೆಯ ಶಿಸ್ತಿನ ಬಗ್ಗೆ ಮಾತಾಡಬೇಕು ಎನ್ನುವುದು ಇನ್ನೊಂದು. ಮೊದಲನೆಯದನ್ನು ಪೂರ್ತಿ ಪಾಲಿಸುತ್ತೇನೆ. ಎರಡನೆಯದನ್ನು ಅರ್ಧ ಮುರಿಯುತ್ತೇನೆ, ಏಕೆಂದರೆ ‘ಶಿಸ್ತು’ ಎಂಬ ಮಾತು ಕೇಳಿದರೆ ನನಗೆ ಈಚೆಗೆ ಮುಜುಗರವಾಗುತ್ತದೆ. ಮಗ ಮಾತು ಕೇಳುವುದಿಲ್ಲ, ಸೈನಿಕ ಶಾಲೆಗೆ ಹಾಕಿದರೆ ನೆಟ್ಟಗಾಗುತ್ತಾನೆ ಎಂದು ಪ್ರವೇಶ ಪರೀಕ್ಷೆಯ ಅರ್ಜಿ ಹಿಡಿದು ಬಂದ ತಂದೆಯರನ್ನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ಅವರ ಕಣ್ಣಿಗೆ ಶಾಲೆಯ ತುದಿಯಲ್ಲಿ ಸಮವಸ್ತ್ರ ತೊಟ್ಟ ಒಬ್ಬ ಅಧಿಕಾರಿ ಇದ್ದರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ. ಈ ನಂಬಿಕೆಯನ್ನು ಒಂದಿಷ್ಟು ತಿರುವಿಹಾಕಿ ನೋಡೋಣ. ಅದಕ್ಕೆ ದೂರದ ಒಂದು ಉದಾಹರಣೆ ಆರಿಸಿಕೊಂಡಿದ್ದೇನೆ. ಹತ್ತಿರದ್ದನ್ನು ಆರಿಸಿದರೆ ನಾಳೆ ಬೆಳಗಿನ ವಾಕಿಂಗಿನಲ್ಲಿ ಯಾರಾದರೂ ಅಡ್ಡಗಟ್ಟಿ ಕೇಳುತ್ತಾರೆ.

ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಟಾಮ್ಸ್ ರಿವರ್ ಎಂಬ ಹೊಳೆಯ ದಂಡೆಯ ಮೇಲೆ ಪೈನ್ ಬೀಚ್ ಎಂಬ ಸಣ್ಣ ಊರಿದೆ. ಅಲ್ಲಿ 1933ರಲ್ಲಿ ಇಬ್ಬರು ನಿವೃತ್ತರು ಸೇರಿ ಒಂದು ವಸತಿ ಶಾಲೆ ತೆರೆದರು. ಒಬ್ಬರು ಮರೀನ್ ದಳದ ಬ್ರಿಗೇಡಿಯರ್ ಜನರಲ್ ಸೈರಸ್ ರ‍್ಯಾಡ್‌ಫರ್ಡ್. ಇನ್ನೊಬ್ಬರು ನೌಕಾಪಡೆಯ ಅಡ್ಮಿರಲ್ ಸ್ಯಾಮ್ಯುಯೆಲ್ ಶೆಲ್ಬರ್ನ್ ರಾಬಿಸನ್. ಶಾಲೆಗೆ ಅಡ್ಮಿರಲ್ ಫ್ಯಾರಗಟ್ ಅಕಾಡೆಮಿ ಎಂದು ಹೆಸರಿಟ್ಟರು. ರಾಬಿಸನ್ ಅವರಿಗೆ ಆಗ ಅರವತ್ತಾರು ವರ್ಷ. ನಮ್ಮಲ್ಲಾದರೆ ಪಿಂಚಣಿ ಪುಸ್ತಕ, ಸಕ್ಕರೆ ಕಾಯಿಲೆಯ ಮಾತ್ರೆ ಇವೆರಡನ್ನೂ ಎಲ್ಲಿಟ್ಟೆ ಎಂದು ಹುಡುಕುವ ವಯಸ್ಸು.

ಅವರ ಜೀವನವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಹುಟ್ಟಿದ್ದು 1867ರಲ್ಲಿ, ಸಮುದ್ರವೇ ಕಾಣದ ಪೆನ್ಸಿಲ್ವೇನಿಯಾದ ಜೂನಿಯಾಟಾ ಕೌಂಟಿಯಲ್ಲಿ. ಅಂದರೆ ಅವರೂ ಒಂದು ರೀತಿಯಲ್ಲಿ ನಮ್ಮ ಹಾಗೆ ಒಣ ನೆಲದವರು. ಆನಾಪೊಲಿಸ್‌ನ ನೌಕಾ ಅಕಾಡೆಮಿಯಿಂದ 1888ರಲ್ಲಿ ಹೊರಬಂದರು. 1898ರ ಮನಿಲಾ ಕೊಲ್ಲಿಯ ಕದನ ಕಂಡರು. ಮೆಟ್ಟಿಲು ಮೆಟ್ಟಿಲಾಗಿ ಏರಿ, 1925ರ ಹೊತ್ತಿಗೆ ಇಡೀ ಅಮೆರಿಕನ್ ನೌಕಾದಳದ ದಂಡನಾಯಕರಾದರು. 1928ರಿಂದ 1931ರವರೆಗೆ ತಾವು ಓದಿದ ಆನಾಪೊಲಿಸ್‌ಗೇ ಸೂಪರಿಂಟೆಂಡೆಂಟ್ ಆಗಿ, ಅಲ್ಲಿಂದ ನಿವೃತ್ತರಾದರು. ಇಷ್ಟೂ ಪದವಿಗಳ ಪಟ್ಟಿ. ಪದವಿಗಳ ಪಟ್ಟಿ ಶಾಲೆಯ ಬೋರ್ಡಿಗೆ ಚೆಂದ. ಶಾಲೆ ನಡೆಸಲು ಬೇಕಾದದ್ದು ಅದರೊಳಗೆ ಇರಬಹುದು, ಇಲ್ಲದಿರಬಹುದು.

ನನ್ನ ಕಣ್ಣಿಗೆ ಬಿದ್ದದ್ದು ಆ ಪಟ್ಟಿಯಲ್ಲಿಲ್ಲದ ಒಂದು ಪುಸ್ತಕ. ರಾಬಿಸನ್ ಅಡ್ಮಿರಲ್ ಆಗುವುದಕ್ಕೆ ಬಹಳ ಮುಂಚೆ, 1906ರಲ್ಲಿ, ನಿಸ್ತಂತು ಟೆಲಿಗ್ರಾಫ್ ವ್ಯವಸ್ಥೆಯ ಬಗ್ಗೆ ಒಂದು ಕೈಪಿಡಿ ಬರೆದರು. ಮಾರ್ಕೋನಿಯ ಪ್ರಯೋಗಗಳು ಆಗಿ ಹೆಚ್ಚು ಕಾಲವಾಗಿರಲಿಲ್ಲ. ರೇಡಿಯೊ ಎಂಬ ಶಬ್ದವೇ ಜನರ ಬಾಯಲ್ಲಿ ಇನ್ನೂ ಕೂತಿರಲಿಲ್ಲ. ಪುಸ್ತಕದ ಶೀರ್ಷಿಕೆಯಲ್ಲೇ ಅದು ಯಾರಿಗಾಗಿ ಎಂದು ಬರೆದಿತ್ತು: ನೌಕಾಪಡೆಯ ಎಲೆಕ್ಟ್ರಿಷಿಯನ್‌ಗಳ ಉಪಯೋಗಕ್ಕೆ. ಅಧಿಕಾರಿಗಳಿಗಲ್ಲ, ವಿಜ್ಞಾನಿಗಳಿಗಲ್ಲ, ಹಡಗಿನ ಕೆಳ ಅಂತಸ್ತಿನ ಬಿಸಿಯಲ್ಲಿ ಬೆವರು ಒರೆಸಿಕೊಳ್ಳುತ್ತ ತಂತಿ ಜೋಡಿಸುವ, ಹೆಚ್ಚೇನೂ ಓದಿರದ ಹುಡುಗರಿಗೆ. ಆ ಪುಸ್ತಕ ಮತ್ತೆ ಮತ್ತೆ ತಿದ್ದಿಸಿಕೊಂಡು, ಬೇರೆಯವರ ಕೈಯಲ್ಲೂ ಬೆಳೆದು, ಮೊದಲ ಮಹಾಯುದ್ಧದ ಕಾಲಕ್ಕೂ ರಾಬಿಸನ್ ಕೈಪಿಡಿ ಎಂಬ ಹೆಸರಿನಲ್ಲೇ ಬಳಕೆಯಲ್ಲಿತ್ತು.

ಮೂವತ್ತು ವರ್ಷ ಗಣಿತ ಕಲಿಸಿದವನಾಗಿ ಒಂದು ಮಾತು ಹೇಳುತ್ತೇನೆ. ಪಾಠ ಮಾಡುವುದಕ್ಕಿಂತ ಪಠ್ಯಪುಸ್ತಕ ಬರೆಯುವುದು ಕಷ್ಟ. ತರಗತಿಯಲ್ಲಿ ಹುಡುಗನ ಮುಖ ನೋಡಿ ಗೊತ್ತಾಗುತ್ತದೆ, ಇವನಿಗೆ ತಿಳಿಯಲಿಲ್ಲ ಅಂತ. ಪುಸ್ತಕ ಬರೆಯುವವನಿಗೆ ಮುಖ ಕಾಣುವುದಿಲ್ಲ. ಕಲಿಯುವವನು ಎಲ್ಲಿ ಎಡವುತ್ತಾನೆ ಎಂದು ಮೊದಲೇ ಊಹಿಸಿ, ಅಲ್ಲೊಂದು ಕೈಹಿಡಿ ಕಂಬ ನೆಟ್ಟಿರಬೇಕು. ಆಜ್ಞೆ ಕೊಡುವವನಿಗೆ ಇದರ ಅಗತ್ಯವೇ ಬೀಳುವುದಿಲ್ಲ. ತಿಳಿಯಲಿ ಬಿಡಲಿ, ಎದುರಿನವನು ‘ಯಸ್ ಸರ್’ ಎನ್ನುತ್ತಾನೆ. ನಿವೃತ್ತ ಅಡ್ಮಿರಲ್‌ಗಳು ಎಷ್ಟೋ ಮಂದಿ ಇದ್ದರು. ಎಲೆಕ್ಟ್ರಿಷಿಯನ್‌ಗಾಗಿ ಪುಸ್ತಕ ಬರೆದ ಅಡ್ಮಿರಲ್ ಅಪರೂಪ. ಪೈನ್ ಬೀಚಿನ ಶಾಲೆಗೆ ರಾಬಿಸನ್ ತಂದ ಬಂಡವಾಳ ಭುಜದ ಮೇಲಿನ ನಕ್ಷತ್ರಗಳಿಗಿಂತ ಇದು ಎಂಬುದು ನನ್ನ ವಾದ. ಒಪ್ಪದವರು ಚಹಾದ ಹೊತ್ತಿಗೆ ಜಗಳ ಮಾಡಬಹುದು.

ಇನ್ನು ಅವರು ಇಡೀ ನೌಕಾದಳಕ್ಕಲ್ಲ, ಅದರ ಒಂದು ಭಾಗವಾದ ಯುದ್ಧ ನೌಕಾದಳಕ್ಕೆ (ಬ್ಯಾಟಲ್ ಫ್ಲೀಟ್) ಮುಖ್ಯಸ್ಥರಾಗಿದ್ದ ಕಾಲದ ಒಂದು ರಾತ್ರಿಯ ಕಥೆ. 1923ರ ಸೆಪ್ಟೆಂಬರ್ 8. ಹದಿನಾಲ್ಕು ಡೆಸ್ಟ್ರಾಯರ್ ಹಡಗುಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಸ್ಯಾನ್ ಡಿಯೇಗೊ ಕಡೆ ಸಾಲಾಗಿ ಹೊರಟಿದ್ದವು. ಮಂಜು ಕವಿದ ರಾತ್ರಿ, 20 ನಾಟ್ ವೇಗ. ಎಲ್ಲಕ್ಕಿಂತ ಮುಂದೆ ‘ಡೆಲ್ಫಿ’; ಅದರಲ್ಲಿ ಸ್ಕ್ವಾಡ್ರನ್ನಿನ ಮುಖ್ಯಸ್ಥ ಕ್ಯಾಪ್ಟನ್ ಎಡ್ವರ್ಡ್ ವಾಟ್ಸನ್. ದಂಡೆಯ ಮೇಲಿನ ರೇಡಿಯೊ ಕೇಂದ್ರ, ನೀವಿನ್ನೂ ಉತ್ತರದಲ್ಲೇ ಇದ್ದೀರಿ ಎಂದು ಸೂಚಿಸುವ ದಿಕ್ಕು ಹೇಳುತ್ತಿತ್ತು. ಡೆಲ್ಫಿಯವರು ವೇಗ ಮತ್ತು ಸಮಯ ಗುಣಿಸಿ ತಾವೇ ಹಾಕಿದ ಅಂದಾಜು ಲೆಕ್ಕವನ್ನು ನಂಬಿದರು. ರೇಡಿಯೊ ಹೊಸದು, ಲೆಕ್ಕ ಹಳೆಯದು. ಹಳೆಯದರ ಮೇಲೆ ವಿಶ್ವಾಸ ಹೆಚ್ಚು. ಸ್ಯಾಂಟ ಬಾರ್ಬರಾ ಕಾಲುವೆಯ ಬಾಯಿ ಬಂತೆಂದುಕೊಂಡು ಪೂರ್ವಕ್ಕೆ ತಿರುಗಿದರು. ತಿರುಗಿದ್ದು ಹೋಂಡಾ ಪಾಯಿಂಟ್ ಎಂಬಲ್ಲಿನ ಬಂಡೆಗಳಿಗೆ. ಹಿಂದೆ ಬರುತ್ತಿದ್ದ ಹಡಗುಗಳು ಮುಂದಿನವನು ತಿರುಗಿದ ಎಂಬ ಒಂದೇ ಕಾರಣಕ್ಕೆ ತಿರುಗಿದವು. ಕೆಲವೇ ನಿಮಿಷಗಳಲ್ಲಿ ಏಳು ಹಡಗುಗಳು ನಾಶವಾದವು. ಇಪ್ಪತ್ತಮೂರು ನಾವಿಕರು ಸತ್ತರು.

ಇಲ್ಲಿನ ವ್ಯಂಗ್ಯ ನಿಮಗೆ ಹೊಳೆದಿರಬಹುದು. ಹದಿನೇಳು ವರ್ಷ ಹಿಂದೆ ನಿಸ್ತಂತು ಯಂತ್ರದ ಕೈಪಿಡಿ ಬರೆದವರ ಕೈಕೆಳಗಿನ ಹಡಗುಗಳೇ ರೇಡಿಯೊ ಹೇಳಿದ್ದನ್ನು ನಂಬದೆ ಬಂಡೆಗೆ ಬಡಿದವು. ಆದರೆ ಶಾಲೆಯ ವಿಷಯಕ್ಕೆ ನನಗೆ ಬೇಕಾದದ್ದು ಬೇರೆ ಎರಡು ಸಂಗತಿ. ಒಂದು, ಸಾಲಿನಲ್ಲಿ ಹೋಗುವುದನ್ನೇ ನಾವು ಶಿಸ್ತು ಎನ್ನುತ್ತೇವೆ. ಆ ರಾತ್ರಿ ಸಾಲು ಕೆಡದಂತೆ ಹೋದವರು ಬಂಡೆಗೆ ಹೋದರು. ಹಿಂದಿದ್ದ ಕೆಲವರು ಏನೋ ಸರಿಯಿಲ್ಲ ಎಂದು ವೇಗ ತಗ್ಗಿಸಿ ಉಳಿದುಕೊಂಡರು. ಎರಡು, ವಿಚಾರಣೆಯಲ್ಲಿ ವಾಟ್ಸನ್ ನೆಪ ಹುಡುಕಲಿಲ್ಲ. ಹೊಣೆಯೆಲ್ಲ ತನ್ನದು ಎಂದರು. ಮಂಜಿನ ಮೇಲೆ ಹಾಕಬಹುದಿತ್ತು, ರೇಡಿಯೊ ಕೇಂದ್ರದ ಮೇಲೆ, ದಾರಿ ಲೆಕ್ಕ ಹಾಕುವ ಕೈಕೆಳಗಿನವನ ಮೇಲೆ ಹಾಕಬಹುದಿತ್ತು. ಹಾಕಲಿಲ್ಲ. ಶಾಲೆಯ ಬೆಳಗಿನ ಅಸೆಂಬ್ಲಿಯಲ್ಲಿ ಮಕ್ಕಳಿಗೆ ಹೇಳಬೇಕಾದ ಕಥೆ ಇದು. ಗೆದ್ದ ಕದನಗಳ ಕಥೆಗಳು ಅವರಿಗೆ ಹೇಗೂ ಸಿಗುತ್ತವೆ.

ರಾಬಿಸನ್ನರನ್ನು ದೇವರ ಪಟದ ಪಕ್ಕ ತೂಗುಹಾಕುವ ಉದ್ದೇಶ ನನಗಿಲ್ಲ. 1916ರಿಂದ 1924ರವರೆಗೆ ಡೊಮಿನಿಕನ್ ಗಣರಾಜ್ಯ ಅಮೆರಿಕನ್ ಪಡೆಗಳ ವಶದಲ್ಲಿತ್ತು. ಅಲ್ಲಿನ ಜನ ಆರಿಸದ ಒಂದು ಸೈನಿಕ ಸರ್ಕಾರ ಅವರನ್ನು ಆಳುತ್ತಿತ್ತು. 1921–22ರಲ್ಲಿ ಅದರ ಗವರ್ನರ್ ಆಗಿದ್ದವರು ಇದೇ ರಾಬಿಸನ್. ಅವರ ಕಾಲದಲ್ಲಿ ವಾಷಿಂಗ್ಟನ್‌ನಿಂದ ಬಂದ ತೆರವಿನ ಯೋಜನೆಯ ಷರತ್ತುಗಳನ್ನು ಅಲ್ಲಿನ ರಾಷ್ಟ್ರೀಯವಾದಿಗಳು ಒಪ್ಪಲಿಲ್ಲ, ಚುನಾವಣೆಯೇ ಬೇಡ ಎಂದು ದೂರ ನಿಂತರು. ನಮ್ಮ ಅಜ್ಜಂದಿರು ಅದೇ ವರ್ಷಗಳಲ್ಲಿ ಸರ್ಕಾರದ ಶಾಲೆ, ಕಾಲೇಜು, ಕೋರ್ಟು ಬಿಟ್ಟು ಹೊರಬರುತ್ತಿದ್ದರು ಎಂದು ನೆನೆದರೆ ಅಲ್ಲಿನವರ ಮನಸ್ಸು ನಮಗೆ ಸುಲಭವಾಗಿ ಅರ್ಥವಾಗುತ್ತದೆ. ಯಾರಿಗೂ ಉತ್ತರ ಹೇಳಬೇಕಾಗಿಲ್ಲದ ಅಧಿಕಾರ ಎಂಥ ಅಭ್ಯಾಸ ಹಚ್ಚುತ್ತದೆಂದು ಆ ಗವರ್ನರ್ ಕುರ್ಚಿಯಲ್ಲಿ ಕೂತವರಿಗೆ ಗೊತ್ತಿರಲೇಬೇಕು. ವಸತಿ ಶಾಲೆಯ ಮುಖ್ಯಸ್ಥನ ಕುರ್ಚಿಯೂ, ಸಣ್ಣ ಅಳತೆಯಲ್ಲಿ, ಅದೇ ಮರದಿಂದ ಮಾಡಿದ್ದು.

ಆನಾಪೊಲಿಸ್‌ನ ಮೂರು ವರ್ಷಗಳಿಂದ ಒಂದೇ ಸಂಗತಿ ಹೇಳುತ್ತೇನೆ. ಅಮೆರಿಕದಲ್ಲಿ ಭೂಸೇನೆ ಮತ್ತು ನೌಕಾಪಡೆಯ ಅಕಾಡೆಮಿಗಳ ನಡುವಿನ ಫುಟ್‌ಬಾಲ್ ಪಂದ್ಯ ಅಂದರೆ ನಮ್ಮಲ್ಲಿ ದಸರೆಯ ಕುಸ್ತಿಗಿಂತ ಹೆಚ್ಚು. ಒಬ್ಬ ಆಟಗಾರ ಮೂರು ವರ್ಷ ಮಾತ್ರ ಕಾಲೇಜು ತಂಡದಲ್ಲಿ ಆಡಬೇಕು ಎಂದು ನೌಕಾಪಡೆಯವರ ಪಟ್ಟು. ಬೇರೆ ಕಾಲೇಜಿನಲ್ಲಿ ಆಡಿ ಪಳಗಿ ಬಂದವರನ್ನೂ ಇಳಿಸುತ್ತೇವೆ ಎಂದು ಭೂಸೇನೆಯವರ ಪಟ್ಟು. 1928 ಮತ್ತು 1929ರಲ್ಲಿ ಪಂದ್ಯವೇ ನಡೆಯಲಿಲ್ಲ. 1930ರ ಡಿಸೆಂಬರಿನಲ್ಲಿ ನಿರುದ್ಯೋಗಿಗಳ ಸಹಾಯಾರ್ಥ ಎಂದು ಆಡಿದರು. ನೌಕಾಪಡೆ 6–0 ಅಂತರದಲ್ಲಿ ಸೋತಿತು. ಜಗಳ ಹೂಡಿದ್ದು ರಾಬಿಸನ್ ಬರುವುದಕ್ಕೆ ಮೊದಲೇ. ಅದನ್ನು ಹೊತ್ತುಕೊಂಡು ಮೂರು ವರ್ಷ ಕೂತವರು ಅವರು. ಹುಡುಗರ ಶಾಲೆಯಲ್ಲಿ ನ್ಯಾಯದ ಪ್ರಶ್ನೆ ಏಳುವುದು ಹೆಚ್ಚಾಗಿ ಆಟದ ಮೈದಾನದಲ್ಲೇ ಎಂಬುದು ಇಲ್ಲಿ ಕೂತ ಪಿ.ಟಿ. ಮಾಸ್ತರರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಇನ್ನು 1933ಕ್ಕೆ ಬರೋಣ. ಆರ್ಥಿಕ ಕುಸಿತದ ತಳ ಮುಟ್ಟಿದ ಕಾಲ. ಬ್ಯಾಂಕುಗಳು ಬಾಗಿಲು ಹಾಕಿದ್ದವು. ಆ ವರ್ಷ ಆನಾಪೊಲಿಸ್‌ನಲ್ಲಿ ನಾಲ್ಕು ವರ್ಷ ಓದಿ ಪಾಸಾದವರಲ್ಲಿ ಸುಮಾರು ಅರ್ಧ ಮಂದಿಗೆ ಅಧಿಕಾರಿಯ ಹುದ್ದೆಯೇ ಸಿಗಲಿಲ್ಲ. ಸರ್ಕಾರದ ಬಳಿ ಹಣವಿರಲಿಲ್ಲ. ಅಂಥ ವರ್ಷ ನೌಕಾ ಅಕಾಡೆಮಿಗೆ ಹುಡುಗರನ್ನು ತಯಾರು ಮಾಡುವ, ಅದೂ ದುಡ್ಡು ಕೊಟ್ಟು ಓದುವ ಶಾಲೆ ತೆರೆಯುವುದೆಂದರೆ ಬರಗಾಲದಲ್ಲಿ ಬೀಜದ ಅಂಗಡಿ ಇಟ್ಟ ಹಾಗೆ. ಇಟ್ಟರು. ಪ್ರವೇಶ ಪರೀಕ್ಷೆಗೆ ಗಿಳಿಪಾಠ ಮಾಡಿಸುವ ಕೋಚಿಂಗ್ ಶಾಲೆಗಳು ಅಲ್ಲಿ ಮೊದಲೇ ಇದ್ದವು, ಧಾರವಾಡದ ಸಪ್ತಾಪುರದಲ್ಲಿ ಈಗ ಇರುವ ಹಾಗೆ. ಇದು ಅಂಥದ್ದಲ್ಲ. ನೌಕಾಪಡೆಯ ಸಮವಸ್ತ್ರ, ಕೆಡೆಟ್ ಶ್ರೇಣಿ, ಹೊಳೆಯಲ್ಲಿ ದೋಣಿ, ಅದರ ಜೊತೆಗೆ ಪೂರ್ತಿ ಶಾಲೆಯ ಓದು.

ಶಾಲೆಗೆ ಇಟ್ಟ ಹೆಸರೂ ಯೋಚಿಸಿ ಇಟ್ಟದ್ದೆಂದು ಕಾಣುತ್ತದೆ. ಡೇವಿಡ್ ಫ್ಯಾರಗಟ್ ಅಮೆರಿಕದ ಮೊತ್ತಮೊದಲ ಅಡ್ಮಿರಲ್, ಅಂತರ್ಯುದ್ಧದಲ್ಲಿ 1864ರ ಮೊಬೀಲ್ ಕೊಲ್ಲಿಯ ಕದನ ಗೆದ್ದವರು. ನೌಕಾಪಡೆಗೆ ಮಿಡ್‌ಶಿಪ್‌ಮನ್ ಆಗಿ ಸೇರಿದಾಗ ಅವರಿಗೆ ಒಂಬತ್ತು ವರ್ಷ. ಹನ್ನೆರಡರಲ್ಲಿ, ಒಂದು ಹಡಗನ್ನು ಬಂದರಿಗೆ ಮುಟ್ಟಿಸುವ ಹೊಣೆಯನ್ನು ಸಾಕುತಂದೆ ಡೇವಿಡ್ ಪೋರ್ಟರ್ ಈ ಹುಡುಗನ ಹೆಗಲಿಗೆ ಹಾಕಿದರು. ಹಡಗಿನ ಮುದಿ ಕ್ಯಾಪ್ಟನ್ ಹುಡುಗನ ಮಾತು ಕೇಳಲೊಲ್ಲದೆ ಪಿಸ್ತೂಲು ತರಲು ಕೆಳಗೆ ಹೋದ. ಪಿಸ್ತೂಲು ಹಿಡಿದು ಮೇಲೆ ಬಂದರೆ ಸಮುದ್ರಕ್ಕೆ ಎಸೆಯಬೇಕಾಗುತ್ತದೆ ಎಂದು ಹುಡುಗ ಹೇಳಿಕಳಿಸಿದ. ಮುದುಕ ಸುಮ್ಮನಾದ. ಈಗಿನ ಕಾಲಕ್ಕೆ ಇದು ಬಾಲಕಾರ್ಮಿಕ ಕಾಯ್ದೆಯಡಿ ಬರುವ ಅಪರಾಧ, ಅದಿರಲಿ. ಹನ್ನೆರಡು ವರ್ಷದವನ ಕೈಗೆ ನಿಜವಾದ ಕೆಲಸ ಕೊಟ್ಟರೆ ಅವನು ಹನ್ನೆರಡು ವರ್ಷದವನಾಗಿ ಉಳಿಯುವುದಿಲ್ಲ ಎಂಬ ನಂಬಿಕೆ ಆ ಹೆಸರಿನ ಹಿಂದಿದೆ.

ಇಲ್ಲಿಗೆ ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯ ಬಂತು. ಭೂಸೇನೆಯವರಿಗಿಂತ ಬೇರೆಯಾಗಿ ನೌಕಾಪಡೆಯವರು ಶಾಲೆಗೆ ಏನು ತರುತ್ತಾರೆ?

ಪಾಳಿ ತರುತ್ತಾರೆ.

ಹಡಗಿನಲ್ಲಿ ದಿನವನ್ನು ನಾಲ್ಕು ನಾಲ್ಕು ತಾಸಿನ ಪಾಳಿಗಳಾಗಿ ಕತ್ತರಿಸುತ್ತಾರೆ. ಅದಕ್ಕೆ ಅವರ ಮಾತಿನಲ್ಲಿ ‘ವಾಚ್’. ಇಪ್ಪತ್ನಾಲ್ಕನ್ನು ನಾಲ್ಕರಿಂದ ಭಾಗಿಸಿದರೆ ಆರು. ಆದರೆ ಲೆಕ್ಕ ಅಲ್ಲಿಗೆ ನಿಲ್ಲಿಸಿದರೆ ಒಂದು ಅನ್ಯಾಯವಾಗುತ್ತದೆ. ಎರಡು ತಂಡವಿರಲಿ, ಮೂರು ತಂಡವಿರಲಿ, ಆರನ್ನು ಹಂಚಿದರೆ ಶೇಷ ಉಳಿಯುವುದಿಲ್ಲ. ನಡುರಾತ್ರಿಯ ಪಾಳಿ ದಿನಾ ಅದೇ ತಂಡದ ಪಾಲಿಗೆ ಬೀಳುತ್ತದೆ. ಅದಕ್ಕೆ ಸಂಜೆ ನಾಲ್ಕರಿಂದ ಎಂಟರ ಪಾಳಿಯನ್ನು ಮುರಿದು ಎರಡೆರಡು ತಾಸಿನ ಎರಡು ಪಾಳಿ ಮಾಡಿದರು. ಈಗ ಒಟ್ಟು ಏಳು. ಏಳನ್ನು ಎರಡರಿಂದಲೂ ಭಾಗಿಸಲಾಗದು, ಮೂರರಿಂದಲೂ ಭಾಗಿಸಲಾಗದು. ಹಾಗಾಗಿ ಪಾಳಿ ದಿನದಿನಕ್ಕೆ ಸರಿಯುತ್ತದೆ, ನಡುರಾತ್ರಿಯ ಕಷ್ಟ ಎಲ್ಲರ ಮೈಮೇಲೂ ಸುತ್ತಿ ಬರುತ್ತದೆ. ಗಣಿತದ ಮಾಸ್ತರನಾದ ನನಗೆ ಭಾಗಾಕಾರದ ಶೇಷದಿಂದ ನ್ಯಾಯ ಹುಟ್ಟಿಸಿದ ಇಂಥ ಉದಾಹರಣೆ ಇನ್ನೊಂದು ಸಿಕ್ಕಿಲ್ಲ. ಏಳನೆಯ ತರಗತಿಯ ಪುಸ್ತಕದಲ್ಲಿ ಇದು ಏಕಿಲ್ಲವೋ!

ಪಾಳಿ ಬದಲಾಗುವಾಗ ಹೊಸಬ ಸುಮ್ಮನೆ ಬಂದು ನಿಲ್ಲುವಂತಿಲ್ಲ. ಮೊದಲೇ ಬಂದು ಕತ್ತಲಿಗೆ ಕಣ್ಣು ಹೊಂದಿಸಿಕೊಳ್ಳಬೇಕು. ಹಡಗು ಎಲ್ಲಿದೆ, ಯಾವ ದಿಕ್ಕಿಗೆ, ಎಷ್ಟು ವೇಗ, ಸುತ್ತ ಯಾರಿದ್ದಾರೆ, ಯಾವ ಯಂತ್ರ ಕೆಟ್ಟಿದೆ ಎಲ್ಲವನ್ನೂ ಹಳಬನಿಂದ ಕೇಳಬೇಕು. ಪೂರ್ತಿ ತಿಳಿದ ಮೇಲೆ, ನಾನು ವಹಿಸಿಕೊಂಡೆ ಎಂದು ಬಾಯಿಬಿಟ್ಟು ಹೇಳಬೇಕು. ಹಳಬ, ನಾನು ಒಪ್ಪಿಸಿದೆ ಎನ್ನಬೇಕು. ಈ ಎರಡು ಮಾತು ಆಡುವವರೆಗೆ ಹಡಗು ಹಳಬನ ಕೈಯಲ್ಲೇ ಇರುತ್ತದೆ. ಆಮೇಲೆ ನಡೆದದ್ದು ಲಾಗ್ ಪುಸ್ತಕಕ್ಕೆ ಏರುತ್ತದೆ.

ಇನ್ನೊಂದು ಪುಸ್ತಕವಿದೆ: ಕ್ಯಾಪ್ಟನ್ನನ ರಾತ್ರಿ ಆದೇಶದ ಪುಸ್ತಕ. ಕ್ಯಾಪ್ಟನ್ ಕೂಡ ಮನುಷ್ಯ, ಮಲಗಬೇಕು. ಮಲಗುವ ಮುಂಚೆ ಬರೆದಿಡುತ್ತಾನೆ: ರಾತ್ರಿ ಹೀಗೆ ಹೋಗಿ, ಇಂಥ ದೀಪ ಕಂಡರೆ, ಗಾಳಿ ಇಷ್ಟು ಏರಿದರೆ, ಸಂಶಯ ಬಂದರೆ ನನ್ನನ್ನು ಎಬ್ಬಿಸಿ. ಪಾಳಿಗೆ ಬರುವ ಪ್ರತಿ ಅಧಿಕಾರಿ ಅದನ್ನು ಓದಿ ಸಹಿ ಹಾಕುತ್ತಾನೆ. ಅವನಿಗೆ ಇಪ್ಪತ್ತೆರಡು ಇಪ್ಪತ್ತಮೂರು ವರ್ಷ ಇರಬಹುದು. ನೂರಾರು ಜನರ ಜೀವ ಅವನ ಕೈಯಲ್ಲಿ. ಕ್ಯಾಪ್ಟನ್ ಗೊರಕೆ ಹೊಡೆಯುತ್ತಿರುತ್ತಾನೆ. ಆದರೂ ಹಡಗು ಬಡಿದರೆ ಹೊಣೆ ಗೊರಕೆ ಹೊಡೆದವನದೇ. ನೆಚ್ಚಿ ಬಿಟ್ಟುಕೊಡುವುದು, ಬಿಟ್ಟುಕೊಟ್ಟದ್ದಕ್ಕೂ ತಾನೇ ಉತ್ತರ ಹೇಳುವುದು: ನೌಕಾಪಡೆಯ ನಾಯಕತ್ವವೆಂದರೆ ಈ ಎರಡು ಸೇರಿದ್ದು. ನಾವು ಶಿಸ್ತು ಎಂದು ಕರೆಯುವ ಬೂಟಿನ ಹೊಳಪು, ತಲೆಗೂದಲ ಅಳತೆ ಇವೆಲ್ಲ ಅದರ ಹೊರಗಿನ ಬಣ್ಣ.

ಹಡಗಿನಿಂದ ಶಾಲೆಗೆ ಎಲ್ಲವೂ ಹಾಗೇ ಇಳಿದು ಬರುವುದಿಲ್ಲ, ಬರಲೂಬಾರದು. ನಾವಿಕ ಸಹಿ ಹಾಕಿ ಪಡೆಗೆ ಸೇರಿದವನು, ಸಂಬಳ ತೆಗೆದುಕೊಳ್ಳುವವನು, ಅವನ ಮೇಲೆ ಸೇನಾ ಕಾನೂನು ಇದೆ. ಹತ್ತು ಹನ್ನೊಂದು ವರ್ಷದ ಹುಡುಗ ಯಾವುದಕ್ಕೂ ಸಹಿ ಹಾಕಿಲ್ಲ. ಸಹಿ ಅವನ ಅಪ್ಪನದು. ರಾತ್ರಿ ತಾಯಿಯ ನೆನಪಾಗಿ ಅತ್ತರೆ ಅದು ಆಜ್ಞಾಭಂಗವಲ್ಲ. ನಿವೃತ್ತ ಅಧಿಕಾರಿಯ ಬೆನ್ನ ಹಿಂದೆ ಕೋರ್ಟ್ ಮಾರ್ಷಲ್ ಇಲ್ಲ, ಪಡೆ ಇಲ್ಲ. ಉಳಿದಿರುವುದು ಅವನ ಧ್ವನಿ ಮತ್ತು ಅವನ ನಡತೆ. ಕೆಲವರಿಗೆ ಈ ಬದಲಾವಣೆ ತಿಳಿಯುವ ಹೊತ್ತಿಗೆ ಅವಧಿ ಮುಗಿದಿರುತ್ತದೆ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಶಾಲೆಯ ಹೆಸರು ಬೇಡ. ನಾನು ಹೌಸ್ ಮಾಸ್ಟರ್ ಆಗಿದ್ದ ಕಾಲ. ಡಿಸೆಂಬರ್ ತಿಂಗಳ ಒಂದು ರಾತ್ರಿ ಆರನೆಯ ತರಗತಿಯ ಹುಡುಗನೊಬ್ಬ ಜ್ವರ ಏರಿ ಕನವರಿಸತೊಡಗಿದ. ಅಂದು ಸಂಜೆ ಲೈಟ್ಸ್ ಆಫ್ ಆದ ಮೇಲೆ ದೊಡ್ಡ ಹುಡುಗರು ಅವನನ್ನು ಬನಿಯನ್ ಮೇಲೆ ವರಾಂಡದಲ್ಲಿ ನಿಲ್ಲಿಸಿದ್ದರಂತೆ. ಟವೆಲ್ ಸರಿಯಾಗಿ ಮಡಿಸಿರಲಿಲ್ಲ ಎಂಬ ತಪ್ಪಿಗೆ. ಹೌಸ್ ಕ್ಯಾಪ್ಟನ್ ಒಳ್ಳೆಯ ಹುಡುಗ, ಮುಂದೆ ಎನ್.ಡಿ.ಎ.ಗೂ ಹೋದ. ಅವನು ರಾತ್ರಿಯೆಲ್ಲ ಆ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದ, ನನ್ನನ್ನು ಎಬ್ಬಿಸಲಿಲ್ಲ. ಬೆಳಗಿನ ಪಿ.ಟಿ. ಹೊತ್ತಿಗೆ ವಿಷಯ ತಿಳಿದು ನಾನು ಕೂಗಾಡಿದೆ. ಅವನು ತಲೆತಗ್ಗಿಸಿ, ಸರ್ ನಿಮ್ಮ ನಿದ್ದೆ ಕೆಡಿಸಬಾರದು ಅಂತ, ಎಂದ. ಮಗು ಆಸ್ಪತ್ರೆಯಲ್ಲಿ ಮೂರು ದಿನ ಇದ್ದು ಚೇತರಿಸಿಕೊಂಡಿತು. ನನಗೆ ಚೇತರಿಸಿಕೊಳ್ಳಲು ಹೆಚ್ಚು ದಿನ ಹಿಡಿಯಿತು. ಎಂಟು ವರ್ಷ ಅದೇ ಹುದ್ದೆಯಲ್ಲಿದ್ದೂ, ಯಾವಾಗ ನನ್ನನ್ನು ಎಬ್ಬಿಸಬೇಕು ಎಂದು ಒಂದು ಸಾಲು ನಾನು ಎಲ್ಲೂ ಬರೆದಿಟ್ಟಿರಲಿಲ್ಲ. ಹದಿನಾರು ವರ್ಷದವನ ಕೈಗೆ ರಾತ್ರಿಯನ್ನು ಕೊಟ್ಟಿದ್ದೆ, ಒಪ್ಪಿಸಿರಲಿಲ್ಲ. ರಾತ್ರಿ ಆದೇಶದ ಪುಸ್ತಕ ಎಂಬುದು ಇದೆಯೆಂದು ತಿಳಿದದ್ದು ಆಮೇಲೆ, ನೌಕಾಪಡೆಯಿಂದ ಬಂದ ಒಬ್ಬ ಅಧಿಕಾರಿಯ ಬಾಯಿಂದ. ಅವರ ಸಲಹೆಯಂತೆ ಹೌಸಿನ ಗೋಡೆಗೆ ಒಂದು ನೋಟ್‌ಬುಕ್ ಕಟ್ಟಿದೆ. ಮೊದಲ ವಾರ ಹುಡುಗರು ಹಲ್ಲಿ ಕಂಡರೂ ಎಬ್ಬಿಸಿದರು.

ಪೈನ್ ಬೀಚಿಗೆ ಮರಳೋಣ. ಆ ಶಾಲೆಯ ಹೆಸರು ಜಗತ್ತಿಗೆ ಗೊತ್ತಾದದ್ದು ಇಬ್ಬರಿಂದ. ನ್ಯೂ ಹ್ಯಾಂಪ್‌ಶೈರ್‌ನ ಅಲನ್ ಶೆಪರ್ಡ್ 1940ರಲ್ಲಿ ಹೈಸ್ಕೂಲು ಮುಗಿಸಿದಾಗ ಹದಿನಾರು. ಆನಾಪೊಲಿಸ್‌ಗೆ ವಯಸ್ಸು ಸಾಲದು. ಒಂದು ವರ್ಷ ಫ್ಯಾರಗಟ್‌ನಲ್ಲಿ ಓದಿ 1941ರಲ್ಲಿ ನೌಕಾ ಅಕಾಡೆಮಿ ಸೇರಿದ. ಇಪ್ಪತ್ತು ವರ್ಷಗಳ ಮೇಲೆ, 1961ರ ಮೇ 5ರಂದು, ಬಾಹ್ಯಾಕಾಶಕ್ಕೆ ಹೋದ ಮೊದಲ ಅಮೆರಿಕನ್. 1971ರಲ್ಲಿ ಅಪೊಲೊ 14ರಲ್ಲಿ ಚಂದ್ರನ ಮೇಲೆ ನಡೆದ. ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ಶಾಲೆ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಒಂದು ಹಳೆಯ ಹೋಟೆಲು ಕೊಂಡು ಎರಡನೆಯ ಶಾಖೆ ತೆರೆದಿತ್ತು. ಅಲ್ಲಿ 1953ರಲ್ಲಿ ತರಗತಿಗೇ ಮೊದಲಿಗನಾಗಿ ಪಾಸಾದ ಚಾರ್ಲ್ಸ್ ಡ್ಯೂಕ್ 1972ರಲ್ಲಿ ಅಪೊಲೊ 16ರಲ್ಲಿ ಚಂದ್ರನ ಮೇಲೆ ಇಳಿದ. ಆಗ ಅವನಿಗೆ ಮೂವತ್ತಾರು, ಅಲ್ಲಿ ನಡೆದ ಹನ್ನೆರಡು ಜನರಲ್ಲಿ ಎಲ್ಲರಿಗಿಂತ ಚಿಕ್ಕವ. ಹನ್ನೆರಡರಲ್ಲಿ ಇಬ್ಬರು ಒಂದೇ ಶಾಲೆಯವರು.

ಇದನ್ನು ರಾಬಿಸನ್ನರ ಖಾತೆಗೆ ಜಮಾ ಮಾಡುವ ಆಸೆ ಯಾರಿಗೂ ಆಗುತ್ತದೆ. ನಾನು ಮಾಡುವುದಿಲ್ಲ. ಒಬ್ಬ ಅಲ್ಲಿದ್ದದ್ದು ಒಂದು ವರ್ಷ. ಶಾಲೆಗಳು ಚಂದ್ರನಿಗೆ ಹೋದವರ ಫೋಟೊ ಹಾಕುತ್ತವೆ. ಅದೇ ತರಗತಿಯಲ್ಲಿ ಕೂತು ಊರ ಪೋಸ್ಟಾಫೀಸಿನಲ್ಲಿ ಕೆಲಸಕ್ಕೆ ಸೇರಿ, ಮೂವತ್ತು ವರ್ಷ ಒಂದು ಕಾಗದ ತಪ್ಪು ವಿಳಾಸಕ್ಕೆ ಹೋಗದಂತೆ ನೋಡಿಕೊಂಡವನ ಫೋಟೊ ಯಾವ ಶಾಲೆಯಲ್ಲೂ ಇರುವುದಿಲ್ಲ. ಅಂಥವರೇ ಹೆಚ್ಚು. ಶಾಲೆಯನ್ನು ಅಳೆಯಬೇಕಾದದ್ದು ಅವರಿಂದ.

ನಮ್ಮ ದೇಶದ ಮಾತಿಗೆ ಬರುತ್ತೇನೆ. ಬ್ರಿಟಿಷರ ಕಾಲದಲ್ಲಿ ಭಾರತೀಯ ಹುಡುಗರನ್ನು ಹಡಗಿನ ಅಧಿಕಾರಿಗಳಾಗಿ ತಯಾರು ಮಾಡಲು 1927ರಲ್ಲಿ ಮುಂಬಯಿಯಲ್ಲಿ ‘ಡಫರಿನ್’ ಎಂಬ ಹಳೆಯ ಹಡಗನ್ನೇ ವಸತಿ ಶಾಲೆ ಮಾಡಿದರು. ಶಾಲೆಯ ಮುಖ್ಯಸ್ಥನಿಗೆ ಹೆಡ್‌ಮಾಸ್ಟರ್ ಎನ್ನದೆ ಕ್ಯಾಪ್ಟನ್ ಸೂಪರಿಂಟೆಂಡೆಂಟ್ ಎನ್ನುತ್ತಿದ್ದರು. ಉದ್ದೇಶ ವ್ಯಾಪಾರಿ ಹಡಗುಗಳದ್ದು. ಆದರೆ ಅದರ ಮೊದಲ ತಂಡದ ಹುಡುಗ ರಾಮದಾಸ್ ಕಟಾರಿ 1958ರಲ್ಲಿ ಭಾರತೀಯ ನೌಕಾಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದರು.

ಸೈನಿಕ ಶಾಲೆಗಳ ಯೋಜನೆ ಹುಟ್ಟಿದ್ದು 1961ರಲ್ಲಿ, ವಿ. ಕೆ. ಕೃಷ್ಣ ಮೆನನ್ ರಕ್ಷಣಾ ಸಚಿವರಾಗಿದ್ದಾಗ. ಸಿರಿವಂತರ ಮಕ್ಕಳ ಪಬ್ಲಿಕ್ ಶಾಲೆಯ ಓದು ಸಾಮಾನ್ಯರ ಮಕ್ಕಳಿಗೂ ಸಿಗಲಿ, ಅಧಿಕಾರಿಗಳು ಎಲ್ಲ ಪ್ರಾಂತಗಳಿಂದಲೂ ಬರಲಿ ಎಂಬುದು ವಿಚಾರ. ನಮ್ಮ ಊರಿಗೆ ಅದು ಬಂದದ್ದು 1963ರ ಸೆಪ್ಟೆಂಬರ್ 16ರಂದು, ರಾಜ್ಯದ ಅಂದಿನ ರಾಜಕೀಯ ನಾಯಕರಾದ ಎಸ್. ಆರ್. ಕಂಠಿ ಅವರ ಮುತುವರ್ಜಿಯಿಂದ. 1969ರಲ್ಲಿ ಕಿತ್ತೂರಿನಲ್ಲಿ ರಾಣಿ ಚನ್ನಮ್ಮನ ಹೆಸರಿನಲ್ಲಿ ಹುಡುಗಿಯರಿಗಾಗಿ ಸೈ­ನಿಕ ವಸತಿ ಶಾಲೆ ತೆರೆಯಿತು. ದೇಶದ ಸೈನಿಕ ಶಾಲೆಗಳೆಲ್ಲ ಹುಡುಗಿಯರಿಗೆ ಬಾಗಿಲು ತೆರೆದದ್ದು 2021–22ರಲ್ಲಿ. ಅರ್ಧ ಶತಮಾನದ ಅಂತರ! ಕಿತ್ತೂರಿನವರು ಇದನ್ನು ಜೋರಾಗಿ ಹೇಳಿಕೊಳ್ಳುವುದಿಲ್ಲ, ಹೇಳಿಕೊಳ್ಳಬೇಕು.

ನಮ್ಮ ಸೈನಿಕ ಶಾಲೆಗಳಿಗೂ ಫ್ಯಾರಗಟ್‌ಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ನಿವೃತ್ತರು, ತಾವೇ ಕಟ್ಟಿದವರು. ಇಲ್ಲಿ ಪ್ರಾಂಶುಪಾಲರು ಮೂರು ಪಡೆಗಳಿಂದ ನಿಯೋಜನೆ ಮೇಲೆ ಬರುವ, ಸೇವೆಯಲ್ಲಿರುವ ಅಧಿಕಾರಿಗಳು. ಕೆಲವೇ ವರ್ಷ ಇದ್ದು ಮುಂದಿನ ಹುದ್ದೆಗೆ ಹೋಗುತ್ತಾರೆ. ಒಬ್ಬರು ಬಂದು ತೋಟ ಮಾಡಿಸುತ್ತಾರೆ, ಇನ್ನೊಬ್ಬರು ಬಂದು ತೋಟ ಕೀಳಿಸಿ ಟೆನಿಸ್ ಕೋರ್ಟ್ ಮಾಡಿಸುತ್ತಾರೆ. ಶಾಲೆಯ ನೆನಪು ಉಳಿಯುವುದು ಇಪ್ಪತ್ತು ಮೂವತ್ತು ವರ್ಷ ಅಲ್ಲೇ ಸವೆದ ಶಿಕ್ಷಕರಲ್ಲಿ, ಮೆಸ್ಸಿನ ಅಡುಗೆಯವರಲ್ಲಿ, ಬಟ್ಟೆ ಒಗೆಯುವವರಲ್ಲಿ. ಯಾವ ಹುಡುಗನಿಗೆ ಶೇಂಗಾ ಆಗುವುದಿಲ್ಲ ಎಂದು ಪ್ರಾಂಶುಪಾಲರಿಗೆ ಗೊತ್ತಿರುವುದಿಲ್ಲ, ಮೆಸ್ಸಿನವನಿಗೆ ಗೊತ್ತಿರುತ್ತದೆ. ಹಾಗಾಗಿ ನಮ್ಮಲ್ಲಿ ಪಾಳಿ ಒಪ್ಪಿಸುವ ಪ್ರಶ್ನೆ ಅಮೆರಿಕಕ್ಕಿಂತ ಹೆಚ್ಚು ತುರ್ತಿನದು. ಹೋಗುವ ಅಧಿಕಾರಿ ಬರುವ ಅಧಿಕಾರಿಗೆ ಬೀಗದ ಕೈ, ಕುರ್ಚಿ ಮೇಜಿನ ಲೆಕ್ಕ, ವಾಹನದ ಲಾಗ್ ಪುಸ್ತಕ ಒಪ್ಪಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮಕ್ಕಳನ್ನು ಒಪ್ಪಿಸಿದ್ದನ್ನು, ಅಂದರೆ ಈ ಹುಡುಗ ಈ ವರ್ಷ ತಂದೆಯನ್ನು ಕಳೆದುಕೊಂಡಿದ್ದಾನೆ, ಈ ಹೌಸಿನಲ್ಲಿ ರಾತ್ರಿ ಏನೋ ನಡೆಯುತ್ತಿದೆ ಎಂದು ಹೇಳಿ ಒಪ್ಪಿಸಿದ್ದನ್ನು ಒಂದೆರಡು ಸಲ ಮಾತ್ರ ನೋಡಿದ್ದೇನೆ. ಆ ಒಂದೆರಡು ಸಲ ಶಾಲೆ ಚೆನ್ನಾಗಿ ನಡೆಯಿತು.

ಕೊನೆಗೆ ಮತ್ತೆ ರಾಬಿಸನ್ನರ ಮಾತು. ಅವರು ಮುದಿ ವಯಸ್ಸಿನಲ್ಲೂ ಬರೆಯುವುದನ್ನು ಬಿಡಲಿಲ್ಲ. 1530ರಿಂದ 1930ರವರೆಗಿನ ನೌಕಾ ಯುದ್ಧತಂತ್ರದ ಚರಿತ್ರೆಯೊಂದನ್ನು 1942ರಲ್ಲಿ ಪ್ರಕಟಿಸಿದರು. ನಾಲ್ಕು ನೂರು ವರ್ಷಗಳ ಚರಿತ್ರೆ, ಸಾವಿರ ಪುಟದ ಹತ್ತಿರದ ಗ್ರಂಥ. ಅದರ ಮೇಲೆ ಪತ್ನಿ ಮೇರಿ ರಾಬಿಸನ್ ಅವರ ಹೆಸರೂ ಸಹಲೇಖಕಿಯಾಗಿ ಇದೆ. ಹೆಂಡತಿ ಕೈಬರಹ ತಿದ್ದಿಕೊಟ್ಟದ್ದಕ್ಕೆ ಮುನ್ನುಡಿಯ ಕೊನೆಯಲ್ಲಿ ಅರ್ಧ ಸಾಲು ಕೃತಜ್ಞತೆ ಹೇಳಿ ಮುಗಿಸುತ್ತಿದ್ದ ಕಾಲದಲ್ಲಿ ಅಡ್ಮಿರಲ್ ಒಬ್ಬರು ಹೀಗೆ ಮಾಡಿದರು. 1952ರಲ್ಲಿ ಅವರು ತೀರಿಕೊಂಡರು. ಹೊಳೆದಂಡೆಯ ಪೈನ್ ಬೀಚ್ ಶಾಲೆ 1994ರಲ್ಲಿ ಮುಚ್ಚಿತು. ಫ್ಲಾರಿಡಾದ ಶಾಖೆ ನಡೆಯುತ್ತಿದೆ.

ಮಾತು ಮುಗಿಸುವ ಮುಂಚೆ ಒಂದು ಬೇಡಿಕೆ. ಈ ಸಭೆಯಲ್ಲಿ ಅರವತ್ತು, ಎಪ್ಪತ್ತರ ದಶಕದಲ್ಲಿ ವಸತಿ ಶಾಲೆಗಳಲ್ಲಿ ಓದಿದವರಿದ್ದೀರಿ, ಕಲಿಸಿದವರ ಮಕ್ಕಳು ಮೊಮ್ಮಕ್ಕಳಿದ್ದೀರಿ. ನಿಮ್ಮ ಅಟ್ಟದ ಮೇಲೆ ಹೌಸ್ ಮಾಸ್ಟರ್ ಡೈರಿ, ರೋಲ್ ಕಾಲ್ ಪುಸ್ತಕ, ಮೆಸ್ಸಿನ ಲೆಕ್ಕದ ಖಾತೆ, ಹುಡುಗರು ಮನೆಗೆ ಬರೆದ ಇನ್‌ಲ್ಯಾಂಡ್ ಪತ್ರಗಳ ಕಟ್ಟು ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಈ ಸಭಾಂಗಣದ ಪಕ್ಕದ ಗ್ರಂಥಾಲಯದಲ್ಲಿ ಒಂದು ಕಪಾಟು ಖಾಲಿ ಮಾಡಿಸಿದ್ದೇವೆ. ಭಾನುವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆಯುತ್ತದೆ. ನನ್ನ ಹೌಸಿನ ಗೋಡೆಗೆ ಕಟ್ಟಿದ್ದ ಆ ನೋಟ್‌ಬುಕ್ಕನ್ನು ಇವತ್ತು ಬರುವಾಗ ಅಲ್ಲಿಟ್ಟು ಬಂದಿದ್ದೇನೆ.